ಗೇಟಿನಾಚೆ ಹತ್ತೇ ಹೆಜ್ಜೆ

9 ಸೆಪ್ಟೆಂಬರ್ 2025, ಮಂಗಳವಾರ

ರಾತ್ರಿಯೆಲ್ಲ ಸುರಿದ ಮಳೆ ಬೆಳಿಗ್ಗೆ ಏಳೂವರೆ ಹೊತ್ತಿಗೆ ನಿಂತಿತು. ಹೋಮ್‌ಸ್ಕೂಲಿಂಗ್, ಅಂದರೆ ಮಕ್ಕಳಿಬ್ಬರಿಗೂ ಶಾಲೆಯ ಬದಲು ಮನೆಯಲ್ಲೇ ಪಾಠ, ಶುರು ಮಾಡಿದ ಮೇಲೆ ಮಂಗಳವಾರ ಮತ್ತು ಶುಕ್ರವಾರ ನಮಗೆ ಹೊರಗಿನ ಪಾಠ. ನಿನ್ನೆ ರಾತ್ರಿಯೇ ಕೂತು ಪಟ್ಟಿ ಮಾಡಿಟ್ಟಿದ್ದೆ. ಹತ್ತು ಬಗೆಯ ಎಲೆ ಹುಡುಕುವುದು, ಅಂಚು ನೋಡುವುದು, ನರ ನೋಡುವುದು, ಹೆಸರು ಬರೆಯುವುದು. ಮೈದಾನದ ಆ ತುದಿಯ ಮರಗಳವರೆಗೆ ಹೋಗಿ ಒಂಬತ್ತಕ್ಕೆ ವಾಪಸ್.

ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿಲ್ಲ, ಚಿಕ್ಕವನು ಗೋಡೆ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಗೋಡೆ ಮೇಲೆ ಒಂದು ಬಸವನಹುಳು.

"ಬಾರೋ, ಹೊತ್ತಾಯ್ತು" ಅಂದೆ. ಇನ್ನೊಂದ್ಸಲ ಅಂದೆ. ಮೂರನೇ ಸಲ ಕೈ ಹಿಡಿದು ಎಳೆದೆ. ಅವನು ಅಲ್ಲೇ ಬೇರು ಬಿಟ್ಟವನ ಹಾಗೆ ಕೂತಿದ್ದ. ಹೋದ ವಾರವೂ ಇದೇ ಕಥೆ. ಇರುವೆ ಸಾಲಿನ ಹತ್ತಿರ ಕೂತವನನ್ನು ಎಳೆದುಕೊಂಡು ಹೋಗಿ, ದಾರಿಯುದ್ದಕ್ಕೂ ಅಳಿಸಿ, ಕೊನೆಗೆ ಯಾರೂ ಏನೂ ನೋಡದೆ ಮನೆಗೆ ಬಂದಿದ್ದೆವು. ಅದು ನೆನಪಾಗಿ ನಾನೂ ಚೀಲ ಕೆಳಗಿಟ್ಟೆ.

"ಅಮ್ಮಾ, ಇದಕ್ಕೆ ಕಣ್ಣೆಲ್ಲಿ?"

ಹತ್ತಿರ ಬಗ್ಗಿ ನೋಡಿದೆವು. ಬಸವನಿಗೆ ಕೊಂಬು ಎರಡೇ, ಈ ಬಸವನಿಗೆ ನಾಲ್ಕು. ಕೆಳಗಿನ ಎರಡು ಗಿಡ್ಡ, ಗೋಡೆ ಸವರುತ್ತಾ ಇದ್ದವು. ಮೇಲಿನ ಎರಡು ಉದ್ದ, ತುದಿಯಲ್ಲಿ ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆ. ಅದೇ ಕಣ್ಣು. ಅವನು ಹುಲ್ಲಿನ ಎಸಳಿನಿಂದ ಮೆಲ್ಲಗೆ ಒಂದು ತುದಿ ಮುಟ್ಟಿದ. ಕಣ್ಣು ಕೊಂಬಿನ ಒಳಗೇ ಜಾರಿ ಹೋಯಿತು. "ಕಾಲುಚೀಲ ಒಳಗಿಂದ ಎಳೆದ ಹಾಗೆ!" ಅಂತ ಕೂಗಿದ. ನಿಜಕ್ಕೂ ಹಾಗೇ, ಒಳಮಗ್ಗುಲಾಗಿ ಮಡಚಿಕೊಳ್ಳುತ್ತದೆ. ಇಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಡಬ್ಬಿಯ ಪಾರದರ್ಶಕ ಮುಚ್ಚಳದ ಮೇಲೆ ಅದನ್ನು ಹತ್ತಿಸಿ ಎತ್ತಿ ಹಿಡಿದೆವು, ಅಡಿಯಿಂದ ನೋಡೋಣ ಅಂತ. ಪಾದದಲ್ಲಿ ಬಾಲದ ಕಡೆಯಿಂದ ತಲೆ ಕಡೆಗೆ ಸಣ್ಣ ಸಣ್ಣ ಅಲೆಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಮೈ ಮುಂದೆ ಹೋಗುವುದು ಆ ಸ್ನಾಯುಗಳ ಅಲೆಯಿಂದ. ನನಗೆ ಓದಿ ಗೊತ್ತಿತ್ತು, ಕಣ್ಣಾರೆ ನೋಡಿದ್ದು ಇವತ್ತೇ.

ಅಷ್ಟರಲ್ಲಿ ದೊಡ್ಡವಳ ಪ್ರಶ್ನೆ. "ಇದು ಗಂಡಾ, ಹೆಣ್ಣಾ?" ನೆಲದ ಮೇಲಿನ ಬಸವನಹುಳುಗಳಲ್ಲಿ ಬಹುತೇಕ ಎಲ್ಲವೂ ಎರಡೂ ಹೌದು ಅಂದೆ. ಇಬ್ಬರೂ ನನ್ನ ಮುಖವನ್ನೇ ನೋಡಿದರು. ಮುಂದಿನ ಪ್ರಶ್ನೆ ಬರುವ ಮೊದಲೇ ಮಾತು ಚಿಪ್ಪಿನ ಕಡೆ ತಿರುಗಿಸಿದೆ. ಚಿಪ್ಪು ಬದಲಾಯಿಸುವುದಿಲ್ಲ, ಹುಟ್ಟುವಾಗಲೇ ಇರುತ್ತದೆ, ಮೈ ಜೊತೆಗೇ ಬೆಳೆಯುತ್ತದೆ. ಅದಕ್ಕೆ ಕ್ಯಾಲ್ಸಿಯಂ ಬೇಕು. ಗೋಡೆಯ ಸುಣ್ಣ, ಸಿಮೆಂಟನ್ನು ಕೆರೆದು ತಿನ್ನುವುದೂ ಅದಕ್ಕೇ. "ಹಾಗಾದ್ರೆ ನಮ್ಮ ಗೋಡೆ ತಿಂತಾ ಇದೆ" ಅಂತ ಚಿಕ್ಕವನಿಗೆ ಭಾರೀ ಖುಷಿ.

ದೊಡ್ಡವಳು ಒಳಗೆ ಓಡಿ ಸ್ಕೇಲು ತಂದಳು. ನಾನು ಹೇಳಿರಲಿಲ್ಲ. ನನ್ನ ಗಡಿಯಾರ ನೋಡಿ ಅಳೆದರೆ ನಿಮಿಷಕ್ಕೆ 6 ಸೆಂಟಿಮೀಟರ್. ಗಂಟೆಗೆ 3 ಮೀಟರ್ 60 ಸೆಂಟಿಮೀಟರ್. ಒಂದು ಕಿಲೋಮೀಟರ್‌ಗೆ? ಭಾಗಾಕಾರ ಅಂದರೆ ಹೊಟ್ಟೆನೋವು ಬರುವ ಹುಡುಗಿ ಒದ್ದೆ ಕಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡು ಮಾಡಿದಳು. ನಿಲ್ಲದೆ ನಡೆದರೆ ಸುಮಾರು ಹನ್ನೊಂದೂವರೆ ದಿನ.

ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923) ಹೋಮ್‌ಸ್ಕೂಲಿಂಗ್ ಮಾಡುವವರ ಬಾಯಲ್ಲಿ ಆಗಾಗ ಬರುವ ಹೆಸರು. ಹವೆ ಸಹಿಸುವಂತಿದ್ದರೆ ಮಕ್ಕಳು ದಿನಕ್ಕೆ 4ರಿಂದ 6 ಗಂಟೆ ಹೊರಗಿರಲಿ ಅಂದವರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ, ಸುಮ್ನೆ ಹೇಳಿದೆ. ನಮ್ಮದು ಒಂದೂಕಾಲು ಗಂಟೆ. ಅದಕ್ಕೇ ನನ್ನ ಮಂಡಿ ಹಿಡಿದುಕೊಂಡಿತ್ತು.

ಒಳಗೆ ಬಂದವರೇ ಸೋಪು ಹಾಕಿ ಕೈ ತೊಳೆಸಿದೆ. ಬಸವನಹುಳುವಿನ ಮೈಯಲ್ಲಿ ಕಾಯಿಲೆ ತರುವ ಸಣ್ಣ ಹುಳಗಳು ಇರಬಹುದು. ಇದರಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಆಮೇಲೆ ಚಿತ್ರ ಬರೆದರು. ಚಿಕ್ಕವನ ಬಸವನಹುಳುವಿಗೆ ಚಿಪ್ಪಿಗಿಂತ ಕಣ್ಣೇ ದೊಡ್ಡದು. ರಬ್ಬರಿಗೆ ಕೈ ಹೋಗಿತ್ತು, ತಡೆದುಕೊಂಡೆ. ಎಲೆ ಪಟ್ಟಿ ಇನ್ನೂ ನನ್ನ ಜೇಬಲ್ಲೇ ಇದೆ.

ಈಗ ರಾತ್ರಿ ಎಂಟು. ನಾಳೆ ಬೆಳಿಗ್ಗೆ ಆ ಬಸವನಹುಳುವನ್ನು ಎಲ್ಲಿ ಹುಡುಕಬೇಕು ಅಂತ ದೊಡ್ಡವಳು ಲೆಕ್ಕ ಹಾಕುತ್ತಿದ್ದಾಳೆ. ಒಂಬತ್ತಕ್ಕೆ ಬಿಟ್ಟು ಬಂದದ್ದು, ನಾಳೆ ಏಳಕ್ಕೆ ಇಪ್ಪತ್ತೆರಡು ಗಂಟೆ, ಸುಮಾರು 79 ಮೀಟರ್ ಅಂತೆ. ಬಿಸಿಲು ಬಂದರೆ ಅದು ಚಿಪ್ಪೊಳಗೆ ಸೇರಿ ಮಲಗಿಬಿಡುತ್ತದಲ್ವಾ ಅಂದೆ. ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದಳು. ಈಗ ಎಲ್ಲ ಅಳಿಸಿ ಮೊದಲಿಂದ ಮಾಡುತ್ತಿದ್ದಾಳೆ.