ಕಿವಿ ಮುರಿದ ಕುದುರೆಯನ್ನು ಗುಜರಿಗೆ ಹಾಕಿದ ಮೇಲೆ

ಬಳ್ಳಾರಿಯ ಒಂದು ಸಣ್ಣ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ನಾನು ಫಿಟ್ಟರ್. 11 ವರ್ಷ ಆಯಿತು. ತಿರುಗೋ ಕುದುರೆ, ಜಯಂಟ್ ವೀಲ್, ಕೊಲಂಬಸ್ ದೋಣಿ, ಪುಟ್ಟ ರೈಲು, ನಮ್ಮಲ್ಲಿರುವುದು ಅಷ್ಟೇ. ಬೇಸಿಗೆಯಲ್ಲಿ ಹಗಲು ಸೀಟು ಮುಟ್ಟೋಕಾಗಲ್ಲ, ಜನ ಬರುವುದು ಹೊತ್ತು ಮುಳುಗಿದ ಮೇಲೆಯೇ.

ಎರಡು ವರ್ಷದ ಹಿಂದೆ ತಿರುಗೋ ಕುದುರೆಯನ್ನು ಪೂರ್ತಿ ಹೊಸದು ಮಾಡಿದೆವು. ಮಾಡಲೇಬೇಕಿತ್ತು. ನಮ್ಮ ಕಡೆಯ ಕೆಂಪು ಧೂಳು ಗ್ರೀಸಿಗೆ ಸೇರಿ ಬೇರಿಂಗನ್ನು ಉಪ್ಪುಕಾಗದದ ಹಾಗೆ ಸವೆಸುತ್ತಿತ್ತು, ಹಳೇ ಮೋಟಾರು ಶುರುವಾದ ಕೂಡಲೇ ಜರ್ಕ್ ಹೊಡೆದು ಚಿಕ್ಕ ಮಕ್ಕಳು ಹಿಂದಕ್ಕೆ ವಾಲುತ್ತಿದ್ದರು. ಹೊಸ ಗೇರ್‌ಬಾಕ್ಸ್ ಬಂತು, ನಿಧಾನಕ್ಕೆ ವೇಗ ಏರಿಸುವ ಡ್ರೈವ್ ಬಂತು, ಸೊಂಟಕ್ಕೆ ಬೆಲ್ಟ್ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅದರ ಜೊತೆಗೇ ಹಳೇ ಕುದುರೆಗಳನ್ನೂ ಕಿತ್ತು ಲೈಟ್ ಮಿನುಗುವ ಹೊಸವನ್ನು ಕೂರಿಸಿದೆವು, ಹಿತ್ತಾಳೆ ಗಂಟೆ ತೆಗೆದು ಸೈರನ್ ಹಾಕಿದೆವು. ಅದಕ್ಕೆ ಹೂಂ ಅಂದವರಲ್ಲಿ ನಾನೂ ಒಬ್ಬ.

ಮೊದಲ ಭಾನುವಾರವೇ ಸಿರುಗುಪ್ಪದಿಂದ ಒಬ್ಬರು ಮಗಳನ್ನು ಕರ್ಕೊಂಡು ಬಂದಿದ್ದರು. ಎರಡು ಸಲ ಸುತ್ತ ನಡೆದು ನೋಡಿ, "ಕಿವಿ ಮುರಿದ ಕರಿ ಕುದುರೆ ಇತ್ತಲ್ಲ, ಅದೆಲ್ಲಿ?" ಅಂತ ಕೇಳಿದರು. ದಾರಿಯುದ್ದಕ್ಕೂ ಮಗಳಿಗೆ ಅದರ ಕಥೆಯನ್ನೇ ಹೇಳಿಕೊಂಡು ಬಂದಿದ್ದರಂತೆ. ಆ ಕುದುರೆ ಆಗ ಶೆಡ್ಡಿನ ಹಿಂದೆ ಗುಜರಿ ರಾಶಿಯಲ್ಲಿ ಬಿದ್ದಿತ್ತು. ನನಗೆ ಬಾಯಿ ಬರಲಿಲ್ಲ.

ಅಮೆರಿಕದ ಡಿಸ್ನಿಲ್ಯಾಂಡ್ 1955ರಲ್ಲಿ ಶುರುವಾದಾಗ ಕೂರಿಸಿದ್ದು 1922ರ ಹಳೇ ತಿರುಗೋ ಕುದುರೆಯನ್ನೇ. ಜನಕ್ಕೆ ಬಿಳಿ ಕುದುರೆಯೇ ಜಾಸ್ತಿ ಇಷ್ಟ ಅಂತ ಕಂಡು 1975ರಲ್ಲಿ ಎಲ್ಲಕ್ಕೂ ಬಿಳಿ ಬಣ್ಣ ಹೊಡೆದರು. ಅವರೂ ಬದಲಾಯಿಸಿದರು, ಆದರೆ ನೋಡಿ ಬದಲಾಯಿಸಿದರು. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಸೈಕ್ಲೋನ್ ಅನ್ನೋ ಮರದ ರೋಲರ್ ಕೋಸ್ಟರ್ 1927ರಿಂದ ಇದೆ. ಅದರ ಹಳಿಯ ಮರ ಬದಲಿಸುತ್ತಲೇ ಇರುತ್ತಾರೆ, ಕೂತವರ ಹೊಟ್ಟೆಯಲ್ಲಿ ಜುಮ್ಮೆನ್ನುವ ಇಳಿತವನ್ನು ಮಾತ್ರ ಉಳಿಸಿಕೊಂಡಿದ್ದಾರೆ. ನಾವು ಮಕ್ಕಳು ಯಾವ ಕುದುರೆಗೆ ಓಡುತ್ತಾರೆ ಅಂತ ಒಂದು ಸಂಜೆಯೂ ನಿಂತು ನೋಡಿರಲಿಲ್ಲ.

ಹಾಗಂತ ಹಳೇದೆಲ್ಲ ಒಳ್ಳೇದೇನಲ್ಲ. "ನಾವು ಸುಮ್ನೆ ಕಂಬ ಹಿಡ್ಕೊಂಡು ಕೂರ್ತಿದ್ವಿ ಅಲ್ವಾ, ಬೆಲ್ಟ್ ಯಾಕೆ?" ಅನ್ನುವ ದೊಡ್ಡವರು ಈಗಲೂ ಬರುತ್ತಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ಕೈ ಜಾರಿ ಬೀಳುತ್ತಿದ್ದ ಮಗುವನ್ನು ಎರಡು ಸಲ ನಾನೇ ಹಿಡಿದಿದ್ದೇನೆ. ಬೆಲ್ಟ್, ಬ್ರೇಕು, ಬೇರಿಂಗಿನ ವಿಷಯದಲ್ಲಿ ಯಾರ ನೆನಪಿಗೂ ಮಣಿಯಬಾರದು.

ಗುಜರಿಯಲ್ಲಿ ಆರು ಕುದುರೆ ಉಳಿದಿದ್ದವು. ನಾಲ್ಕಕ್ಕೆ ಕಂಬದ ತೂತಿನ ಹತ್ತಿರ ಬಿರುಕು, ಅವನ್ನು ಬಿಟ್ಟೆ. ಎರಡಕ್ಕೆ ಒಳಗೆ ಹೊಸ ಪೈಪು ಕೊಟ್ಟು ವಾಪಸ್ ಕೂರಿಸಿದೆವು, ಒಂದು ಆ ಕರಿ ಕುದುರೆ. ಗಂಟೆಯೂ ಬಂತು. ಪೇಂಟರ್ ಕಿವಿ ಕಟ್ಟಿಕೊಡ್ತೀನಿ ಅಂದ, ನಾನು ಬೇಡ ಅಂದೆ. ಮುರಿದ ಅಂಚು ಮಕ್ಕಳ ಕೈಗೆ ಚುಚ್ಚದ ಹಾಗೆ ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿ, ಹಾಗೇ ಬಿಟ್ಟೆ.