‘ಮೊಬೈಲಿನಲ್ಲೇ ಜಿಪಿಎಸ್ ಇದೆಯಲ್ಲ?’ ಎಂದು ಕೇಳುವವರಿಗೆ

ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆ ಮದುವೆ, ಉಪನಯನ, ಗೃಹಪ್ರವೇಶ ಯಾವುದಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳುತ್ತಾರೆ: “ನಿನ್ನ ಸಂಶೋಧನೆ ಯಾವುದರ ಮೇಲೆ?” ನಿಸ್ತಂತು ಸೆನ್ಸರ್ ಜಾಲಗಳಲ್ಲಿ ಮತ್ತು ವಾಹನ ಜಾಲಗಳಲ್ಲಿ ಯಾವ ಸಾಧನ ಎಲ್ಲಿದೆ ಎಂದು ಪತ್ತೆ ಹಚ್ಚುವ, ಸಂದೇಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ಗುರಿ ಮುಟ್ಟಿಸುವ ಕ್ರಮಾವಳಿಗಳ ಮೇಲೆ ಎನ್ನುತ್ತೇನೆ. ಸಾರು ಬಡಿಸುವವರು ಮುಂದಿನ ಎಲೆಗೆ ಹೋಗುವುದರೊಳಗೆ ಮರುಪ್ರಶ್ನೆ ಬಂದಿರುತ್ತದೆ: “ಅದಕ್ಕೆ ಮೊಬೈಲಿನಲ್ಲೇ ಜಿಪಿಎಸ್ ಇದೆಯಲ್ಲ?”

ಈ ಪ್ರಶ್ನೆಯ ಧಾಟಿಯೇ ನನಗೆ ಸಿಟ್ಟು ತರಿಸುತ್ತದೆ. ಉತ್ತರಕ್ಕೆ ಕಾಯುವ ಉದ್ದೇಶ ಅದರಲ್ಲಿಲ್ಲ. ಎಂದೋ ಆಗಿಹೋದ ಕೆಲಸದ ಮೇಲೆ ಇವನು ವರ್ಷಗಟ್ಟಲೆ ಕೂತಿದ್ದಾನೆ ಎಂಬ ತೀರ್ಮಾನ ಮೊದಲೇ ಆಗಿರುತ್ತದೆ. ಬಾಯಿಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಎನ್ನುತ್ತೇನೆ.

ಜಿಪಿಎಸ್ ಬಗ್ಗೆ ನನಗೆ ತಕರಾರಿಲ್ಲ. ಅದು ಮನುಷ್ಯ ಕಟ್ಟಿದ ದೊಡ್ಡ ಅದ್ಭುತಗಳಲ್ಲಿ ಒಂದು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಬಿತ್ತರಿಸುತ್ತಿರುತ್ತವೆ. ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ಮೊಬೈಲು ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ಸಿಕ್ಕರೆ ಸಾಕಿತ್ತು. ಆದರೆ ಮೊಬೈಲಿನ ಅಗ್ಗದ ಗಡಿಯಾರ ಒಂದು ಮೈಕ್ರೋಸೆಕೆಂಡು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ಬಿಡಿಸಿಕೊಳ್ಳಲು ನಾಲ್ಕನೆಯ ಉಪಗ್ರಹವೂ ಕಾಣಿಸಬೇಕು. ಇಷ್ಟೆಲ್ಲ ಸರಿಯಾದರೆ, ತೆರೆದ ಆಕಾಶದ ಕೆಳಗೆ, ಮೊಬೈಲು ಐದು ಮೀಟರಿನ ಆಸುಪಾಸಿನಲ್ಲಿ ಸ್ಥಾನ ಹೇಳುತ್ತದೆ.

ತೆರೆದ ಆಕಾಶ ನಮ್ಮ ಕಡೆಯ ತೋಟಗಳಲ್ಲಿ ಎಲ್ಲಿದೆ?

ಒಂದು ಮಳೆಗಾಲ ಮುಗಿಯುತ್ತಿದ್ದ ಹಾಗೆ ಎಣ್ಮಕಜೆಯ ಕಡೆ ಸೋದರಮಾವನ ಅಡಿಕೆ ತೋಟದಲ್ಲಿ ಸೆನ್ಸರ್ ನೋಡ್‌ಗಳನ್ನು ಕಟ್ಟುತ್ತಿದ್ದೆ. ಮಣ್ಣಿನ ತೇವ ಅಳೆದು ರೇಡಿಯೋದಲ್ಲಿ ಕಳುಹಿಸುವ ಅಂಗೈ ಅಗಲದ ಪೆಟ್ಟಿಗೆಗಳು ಅವು. ಬೇಸಗೆಗೆ ನೀರು ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಒಂದನ್ನು ತೋಟದ ಮೇಲ್ಭಾಗದ ಸುರಂಗದೊಳಗೂ ಇಡುವುದಿತ್ತು. ಸುರಂಗವೆಂದರೆ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ, ಬಾಗಿ ನಡೆಯಬೇಕಾದ ನೀರಿನ ದಾರಿ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಎಷ್ಟೋ ಮನೆಗಳಿಗೆ ಇಂದಿಗೂ ಕುಡಿಯುವ ನೀರು ಅದರದ್ದೇ. ಮಾವ ಮೊಬೈಲು ಹಿಡಿದು ಹಿಂದೆಯೇ ಬಂದರು. ಬಾಯಿಯ ಹತ್ತಿರ ನೀಲಿ ಚುಕ್ಕೆ ಸರಿಯಾಗಿಯೇ ಇತ್ತು. ಮೊದಲ ತಿರುವು ದಾಟುವುದರೊಳಗೆ ಚುಕ್ಕೆಯ ಸುತ್ತ ಮಸುಕು ವೃತ್ತ ಹಿಗ್ಗಿ ಪಕ್ಕದ ಮನೆಯನ್ನೂ ಸೇರಿಸಿಕೊಂಡಿತು. ಪಾದ ಮುಳುಗುವಷ್ಟು ತಣ್ಣೀರಿನಲ್ಲಿ ನಿಂತು ಮಾವ ಒದ್ದೆ ಬೆರಳಿನಿಂದ ಪರದೆ ತಿಕ್ಕುತ್ತಿದ್ದರು. “ಇಲ್ಲಿ ರೇಂಜ್ ಇಲ್ಲ” ಎಂದರು. ಉಪಗ್ರಹದ ಸಂಕೇತ ನೆಲ ಮುಟ್ಟುವಾಗಲೇ ತೀರಾ ಕ್ಷೀಣ. ಮುರಕಲ್ಲಿನ ಗುಡ್ಡವನ್ನು ತೂರಿ ಅದು ಒಳಗೆ ಬರಲಾರದು.

ಹೊರಗೆ ಬಂದ ಮೇಲೆ ಮಾವ ಕೇಳಿದ್ದನ್ನು ಮಾತ್ರ ನಾನು ಗೌರವದಿಂದ ನೆನೆಯುತ್ತೇನೆ. “ಮರವೂ ಸುರಂಗವೂ ಎಲ್ಲಿಗೂ ಹೋಗುವುದಿಲ್ಲ. ಕಟ್ಟುವಾಗಲೇ ಬರೆದಿಟ್ಟುಕೊಂಡರೆ ಆಗದೇ?”

ಅವರ ತೋಟದ ಮಟ್ಟಿಗೆ ಆಗುತ್ತದೆ. ಸಾಲು ಎಣಿಸಿ, ಮರ ಎಣಿಸಿ ಬರೆದಿಡಬಹುದು. ಮೊಬೈಲು ನೋಡಿ ಬರೆದರೆ ಪ್ರಯೋಜನವಿಲ್ಲ: ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಅಡಿಕೆಗೆ ಶಿಫಾರಸು ಮಾಡಿದ ಅಂತರ 2.7 ಮೀಟರ್, ಐದು ಮೀಟರ್ ತಪ್ಪುವ ಯಂತ್ರಕ್ಕೆ ಮರ ಯಾವುದೆಂದು ಗೊತ್ತಾಗುವುದಿಲ್ಲ. ಆದರೆ ನೋಡ್‌ಗಳು ನೂರಾರಾದಾಗ, ಅಥವಾ ಮರ ನಿಂತ ನೆಲವೇ ಜಾರಿದಾಗ? ಇದೇ ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಲಯದವರು ಭೂಕುಸಿತದ ಮುನ್ಸೂಚನೆಗಾಗಿ ಗುಡ್ಡದ ಮಣ್ಣಿನೊಳಗೆ ನಿಸ್ತಂತು ಸೆನ್ಸರ್ ಜಾಲ ಹೂಳಿದ್ದಾರೆ; ಮಣ್ಣಿನೊಳಗಿನ ನೀರಿನ ಒತ್ತಡ, ವಾಲುವಿಕೆ ಎಲ್ಲವನ್ನೂ ಅದು ಅಳೆಯುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಆದದ್ದನ್ನು ನೋಡಿದ ಮೇಲೂ ನೆಲ ಎಲ್ಲಿಗೂ ಹೋಗುವುದಿಲ್ಲ ಎಂದು ನನ್ನಿಂದ ಹೇಳಲಾಗದು.

ಪ್ರತಿ ಪೆಟ್ಟಿಗೆಯೊಳಗೂ ಜಿಪಿಎಸ್ ಇಟ್ಟುಬಿಡಿ ಎನ್ನುವವರು ಬ್ಯಾಟರಿಯನ್ನು ಮರೆತಿರುತ್ತಾರೆ. ನೋಡ್ ನಿದ್ದೆಯಲ್ಲಿರುವಾಗ ಬಳಸುವುದು ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ತು. ಜಿಪಿಎಸ್ ಎಚ್ಚರವಿದ್ದಷ್ಟು ಹೊತ್ತು ಹತ್ತಾರು ಮಿಲಿಆಂಪಿಯರ್ ಬೇಕು, ಅಂದರೆ ಸಾವಿರಾರು ಪಟ್ಟು. ಬಹಳ ಹೊತ್ತು ಮಲಗಿ ಎದ್ದರೆ ಉಪಗ್ರಹದ ಕಕ್ಷೆಯ ವಿವರ ಕೇಳಿಸಿಕೊಳ್ಳಲೇ ಅರ್ಧ ನಿಮಿಷದಷ್ಟು ಕಾಯಬೇಕು. ಮಳೆಯಲ್ಲಿ ನೆನೆದ ಸೋಗೆಗಳ ಕೆಳಗೆ ಆ ಕಾಯುವಿಕೆ ಎಷ್ಟೋ ಸಲ ವ್ಯರ್ಥ.

ಹಾಗಾಗಿ ನಾವು ಕೆಲವೇ ನೋಡ್‌ಗಳಿಗೆ ಸ್ಥಾನ ತಿಳಿಸಿ, ಉಳಿದವು ನೆರೆಯವರನ್ನು ಕೇಳಿ ತಿಳಿದುಕೊಳ್ಳುವಂತೆ ಮಾಡುತ್ತೇವೆ. ನಿಕುಲೆಸ್ಕು ಮತ್ತು ನಾಥ್ 2001ರಲ್ಲಿ ಮುಂದಿಟ್ಟ ಡಿವಿ-ಹಾಪ್ ಇಂಥದ್ದು, ಮತ್ತು ಅದು ಎಷ್ಟು ಸರಳವೆಂದರೆ ನನಗೆ ಇಂದಿಗೂ ಖುಷಿ ಕೊಡುತ್ತದೆ. ಮಾವನ ಅಂಗಳದಲ್ಲೊಂದು, ಪಂಪಿನ ಕೊಟ್ಟಿಗೆಯಲ್ಲೊಂದು ಸ್ಥಾನ ಗೊತ್ತಿರುವ ನೋಡ್ ಇವೆಯೆನ್ನಿ. ನಡುವೆ 120 ಮೀಟರ್. ಒಂದರ ಸಂದೇಶ ನೋಡ್‌ನಿಂದ ನೋಡ್‌ಗೆ ದಾಟುತ್ತ ಆರು ಜಿಗಿತದಲ್ಲಿ ಇನ್ನೊಂದನ್ನು ಮುಟ್ಟಿದರೆ ಒಂದು ಜಿಗಿತ ಸರಾಸರಿ 20 ಮೀಟರ್. ಅಂಗಳದಿಂದ ಎರಡು ಜಿಗಿತ ದೂರದ ನೋಡ್ ತಾನು 40 ಮೀಟರ್ ದೂರದಲ್ಲಿದ್ದೇನೆ ಎಂದು ಅಂದಾಜಿಸುತ್ತದೆ. ಇಂಥ ಮೂರು ದೂರ ಸಿಕ್ಕರೆ ಸ್ಥಾನ ಸಿಕ್ಕಿತು. ಕಷ್ಟವಿರುವುದು ನಮ್ಮ ನೆಲದ ಆಕಾರದಲ್ಲಿ. ತೋಟಗಳು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಬಳಸಿಕೊಂಡು ಹೋಗುತ್ತವೆ. ಸಂದೇಶವೂ ಹಾಗೇ ಬಳಸುತ್ತದೆ, ಜಿಗಿತ ಹೆಚ್ಚಾಗುತ್ತದೆ, ಹತ್ತಿರದ್ದೇ ದೂರ ಎಂಬ ಲೆಕ್ಕ ಬರುತ್ತದೆ.

ಇಷ್ಟು ಹೇಳುವಾಗ ಪಂಕ್ತಿಯಲ್ಲಿ ಪಾಯಸ ಬಂದಿರುತ್ತದೆ, ಕೇಳಿದವರ ಗಮನ ಹೋಗಿರುತ್ತದೆ. ಯಾರಾದರೂ ಒಬ್ಬರು ಎಲ್ಲಿದೆ ಎಂಬುದನ್ನು ಬಿಟ್ಟು, ಎಷ್ಟು ತಪ್ಪಿದರೆ ನಡೆಯುತ್ತದೆ ಎಂದು ಕೇಳಬಾರದೇ ಎಂದು ಆಸೆಪಡುತ್ತೇನೆ. ನನ್ನ ನಿಜವಾದ ಕೆಲಸವಿರುವುದು ಅಲ್ಲಿ.

ಮಣ್ಣಿನ ತೇವಕ್ಕೆ ಎರಡು ಮರದಾಚೆ ತಪ್ಪಿದರೂ ಚಿಂತೆಯಿಲ್ಲ. ದಾರಿ ಹುಡುಕುವಾಗ ಕಥೆ ಬೇರೆ. ಕಾರ್ಪ್ ಮತ್ತು ಕುಂಗ್ 2000ದಲ್ಲಿ ಪ್ರಕಟಿಸಿದ ಜಿಪಿಎಸ್‌ಆರ್ ಎಂಬ ದಾರಿ ಹುಡುಕುವ ವಿಧಾನದಲ್ಲಿ (ಹೆಸರು ಹಾಗಿದ್ದರೂ ಇದು ಜಿಪಿಎಸ್ ಅಲ್ಲ) ಪ್ರತಿ ನೋಡ್ ತನ್ನ ನೆರೆಯವರಲ್ಲಿ ಗುರಿಗೆ ಅತಿ ಹತ್ತಿರ ಇರುವವರಿಗೆ ಸಂದೇಶ ಕೊಡುತ್ತದೆ. ತನಗಿಂತ ಹತ್ತಿರದವರು ಯಾರೂ ಇಲ್ಲದಿದ್ದರೆ? ಪಯಸ್ವಿನಿಯ ದಡದಲ್ಲಿ ನಿಂತಿದ್ದೀರಿ, ಹೋಗಬೇಕಾದ ಮನೆ ಎದುರು ದಡದಲ್ಲೇ ಕಾಣುತ್ತಿದೆ, ಸೇತುವೆ ಮಾತ್ರ ಬಹಳ ಮೇಲೆ. ಮನೆಗೆ ಬೆನ್ನು ಹಾಕಿ ನಡೆಯದೆ ಮನೆ ಸೇರುವ ಹಾಗಿಲ್ಲ. ಜಿಪಿಎಸ್‌ಆರ್ ಆಗ ಖಾಲಿ ಜಾಗದ ಅಂಚನ್ನು ಬಲಗೈ ನಿಯಮದಂತೆ, ಅಂದರೆ ಬಲಗೈಯನ್ನು ಗೋಡೆಗೆ ತಾಗಿಸಿಕೊಂಡೇ ನಡೆದ ಹಾಗೆ, ಸುತ್ತುತ್ತದೆ. ಸಿಕ್ಕಿಬಿದ್ದ ಜಾಗಕ್ಕಿಂತ ಗುರಿಗೆ ಹತ್ತಿರದ ನೋಡ್ ಸಿಕ್ಕಿದೊಡನೆ ಹಳೆಯ ಕ್ರಮಕ್ಕೆ ಮರಳುತ್ತದೆ. ಅಂಚು ಸುತ್ತುವ ಮೊದಲು ಜಾಲದಲ್ಲಿ ಒಂದನ್ನೊಂದು ಕತ್ತರಿಸುವ ಕೊಂಡಿಗಳನ್ನು ಲೆಕ್ಕದಿಂದ ತೆಗೆಯಬೇಕು, ಯಾವುದನ್ನು ತೆಗೆಯುವುದೆಂದು ಸ್ಥಾನ ನೋಡಿಯೇ ತೀರ್ಮಾನಿಸಬೇಕು. ಸ್ಥಾನ ತಪ್ಪಿದರೆ ಬೇಕಾದ ಕೊಂಡಿಯೇ ಹೋಗುತ್ತದೆ, ಇಲ್ಲವೇ ಸಂದೇಶ ಸುತ್ತಿದಲ್ಲೇ ಸುತ್ತುತ್ತದೆ.

ಎಪಿಐಟಿ ಎಂಬ ಸ್ಥಾನ ಪತ್ತೆಯ ವಿಧಾನದ ಮೇಲೆ 2003ರಲ್ಲಿ ಬಂದ ಪ್ರಬಂಧ, ಸ್ಥಾನದ ತಪ್ಪು ರೇಡಿಯೋ ವ್ಯಾಪ್ತಿಯ 0.4 ಪಟ್ಟಿನೊಳಗಿದ್ದರೆ ದಾರಿ ಹುಡುಕುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟಿಲ್ಲ ಎಂದಿತು. ಮರುವರ್ಷವೇ ಸಿಯಾದಾ, ಹೆಲ್ಮಿ ಮತ್ತು ಗೋವಿಂದನ್ ಅವರು ಈ ಅಂಚು ಸುತ್ತುವ ವಿಧಾನವನ್ನು ಪರೀಕ್ಷಿಸಿ, ರೇಡಿಯೋ ವ್ಯಾಪ್ತಿಯ ಶೇ 10ರಷ್ಟು ತಪ್ಪು, ಅದಕ್ಕೂ ಕಡಿಮೆ ತಪ್ಪು ಕೂಡ, ಸಂದೇಶವನ್ನು ಮತ್ತೆ ಸಿಗದಂತೆ ಕಳೆಯಬಲ್ಲುದು ಎಂದು ತೋರಿಸಿದರು. ಎರಡೂ ಸರಿ. ದಟ್ಟ ಜಾಲದಲ್ಲಿ ಮುಂದೆ ಮುಂದೆ ದಾಟಿಸುವುದಕ್ಕೆ ಒರಟು ಅಂದಾಜು ಸಾಕು. ಖಾಲಿ ಜಾಗ ಎದುರಾದಾಗ ಸಾಲದು. ನಮ್ಮ ಗುಡ್ಡ, ಹೊಳೆ, ಗದ್ದೆಗಳ ನಡುವೆ ಖಾಲಿ ಜಾಗ ಎದುರಾಗುತ್ತಲೇ ಇರುತ್ತದೆ.

ವಾಹನಗಳಲ್ಲಿ ಬ್ಯಾಟರಿಯ ಚಿಂತೆಯಿಲ್ಲ, ಜಿಪಿಎಸ್ ಇದ್ದೇ ಇರುತ್ತದೆ. ಅಲ್ಲಿ ಹೊತ್ತಿನ ಚಿಂತೆ. ಎದುರುಬದುರಾಗಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಎರಡು ಕಾರುಗಳ ರೇಡಿಯೋ 300 ಮೀಟರ್ ಮುಟ್ಟುವುದಾದರೆ ಅವುಗಳ ಮಾತುಕತೆಗೆ ಸಿಗುವುದು 18 ಸೆಕೆಂಡು. ಸಂದೇಶ ಕಳುಹಿಸುವ ಮೊದಲು ಪೂರ್ತಿ ದಾರಿಯನ್ನು ಹುಡುಕಿಟ್ಟುಕೊಳ್ಳುವ ಎಓಡಿವಿಯಂಥ ವಿಧಾನಗಳಲ್ಲಿ ಹುಡುಕಿದ ದಾರಿ ಬೇಗ ಬೇಗ ಮುರಿಯುತ್ತದೆ. ಆದ್ದರಿಂದ ಅಲ್ಲಿಯೂ ಸ್ಥಾನ ನೋಡಿ ದಾಟಿಸುವುದೇ ಹೆಚ್ಚು ಬಾಳುತ್ತದೆ. ಆದರೆ ಹೆದ್ದಾರಿಯ ಒಂದು ಪಥದ ಅಗಲ 3.5 ಮೀಟರ್. ಐದು ಮೀಟರ್ ತಪ್ಪಿದರೆ ಪಥ ತಪ್ಪಿತು. ಹೊಸ ರಾಷ್ಟ್ರೀಯ ಹೆದ್ದಾರಿ 66ರ ಮೇಲ್ಸೇತುವೆಗಳಲ್ಲಂತೂ ಎತ್ತರವೂ ಬೇಕು, ಜಿಪಿಎಸ್ ಎತ್ತರದಲ್ಲಿ ಇನ್ನಷ್ಟು ತಪ್ಪುತ್ತದೆ. ಮೇಲಿನ ಕಾರು ಗಕ್ಕನೆ ಬ್ರೇಕ್ ಹಾಕಿದ್ದನ್ನು ಕೆಳಗಿನ ಸರ್ವಿಸ್ ರಸ್ತೆಯ ಬಸ್ಸು ತನಗೇ ಎಂದುಕೊಂಡರೆ ಹಿಂದಿನವರ ಗತಿಯೇನು?

ಯುರೋಪಿನ ಮಾನಕದಲ್ಲಿ ವಾಹನ ಸೆಕೆಂಡಿಗೆ ಒಂದರಿಂದ ಹತ್ತು ಬಾರಿ ಬಿತ್ತರಿಸುವ ಸಂದೇಶದೊಳಗೆ ಸ್ಥಾನದ ಜೊತೆಗೇ, ಅದು ಎಷ್ಟು ತಪ್ಪಿರಬಹುದು ಎಂಬ ದೀರ್ಘವೃತ್ತವನ್ನೂ ಬರೆಯಲು ಜಾಗವಿದೆ. ನಾನು ಮಾಡುತ್ತಿರುವುದು ದಾರಿ ಆರಿಸುವಾಗ ಆ ದೀರ್ಘವೃತ್ತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ: ಗುರಿಗೆ ಅತಿ ಹತ್ತಿರ ಎನ್ನುವ, ಆದರೆ ತನ್ನ ಸ್ಥಾನದ ಖಾತ್ರಿಯಿಲ್ಲದ ನೆರೆಯವನಿಗೆ ಸಂದೇಶ ಕೊಡುವುದೇ, ಸ್ವಲ್ಪ ಹಿಂದಿದ್ದರೂ ಖಾತ್ರಿಯಿರುವವನಿಗೆ ಕೊಡುವುದೇ? ಎರಡನೆಯವನಿಗೆ ಕೊಟ್ಟರೆ ಜಿಗಿತ ಹೆಚ್ಚು, ಹೊತ್ತು ಹೆಚ್ಚು. ಮೊದಲನೆಯವನಿಗೆ ಕೊಟ್ಟರೆ ಅವನು ವ್ಯಾಪ್ತಿಯ ಹೊರಗೇ ಇದ್ದು ಸಂದೇಶ ಬಿದ್ದುಹೋಗಬಹುದು. ಎಷ್ಟು ಖಾತ್ರಿಗೆ ಎಷ್ಟು ತಡ ಸಹಿಸಬಹುದು ಎಂಬುದು ತೋಟಕ್ಕೆ ಒಂದು, ಆಂಬುಲೆನ್ಸಿಗೆ ಇನ್ನೊಂದು. ಇದನ್ನು ಕೇಳಿ, ಊಟ ಮುಗಿದ ಮೇಲೂ ಕೂತು ಹೇಳುತ್ತೇನೆ.