ಬಿ ತಂಡದ ಅಲೊನ್ಸೊ

ಸುಮ್ನೆ 2005ರ ಯೂರೋಪ್ ಕ್ಲಬ್ ಫುಟ್‌ಬಾಲ್‌ನ ಚಾಂಪಿಯನ್ಸ್ ಲೀಗ್ ಫೈನಲ್ ಹಾಕಿಕೊಂಡು ನೋಡಿದೆ. ಲಿವರ್‌ಪೂಲ್ ಪರ ಆಡುತ್ತಿದ್ದ ಸ್ಪೇನ್‌ನ ಕ್ಸಾಬಿ ಅಲೊನ್ಸೊ ಹೊಡೆದ ಪೆನಾಲ್ಟಿಯನ್ನು ಮಿಲಾನ್ ಗೋಲ್‌ಕೀಪರ್ ದೀದಾ ತಡೆದೇಬಿಟ್ಟರು. ಪುಟಿದು ಬಂದ ಚೆಂಡನ್ನು ಅಲೊನ್ಸೊ ಎಡಗಾಲಲ್ಲಿ ಒದ್ದು ನೆಟ್‌ಗೆ ಸೇರಿಸಿದರು. 3-3! ಶೂಟೌಟ್‌ನಲ್ಲಿ ಲಿವರ್‌ಪೂಲ್ ಗೆದ್ದಿತು. 2010ರಲ್ಲಿ ಸ್ಪೇನ್ ಜೊತೆ ವಿಶ್ವಕಪ್ಪೂ ಸಿಕ್ಕಿತು.

ಅಷ್ಟು ದೊಡ್ಡ ಹೆಸರು. ಆಟ ಬಿಟ್ಟ ಮೇಲೆ ಯಾವುದಾದರೂ ದೊಡ್ಡ ಕ್ಲಬ್ಬಿಗೇ ಕೋಚ್ ಆಗಬಹುದಿತ್ತು ಅಲ್ವಾ? ಹೋಗಿದ್ದು ಮಾತ್ರ ಸ್ಪೇನ್‌ನ ರಿಯಲ್ ಸೊಸೈಡಾಡ್ ಕ್ಲಬ್ಬಿನ ಬಿ ತಂಡಕ್ಕೆ, ಅಂದರೆ ಮೀಸಲು ತಂಡಕ್ಕೆ. ಮೂರು ವರ್ಷ ಅಲ್ಲೇ ಇದ್ದರು. ನನಗೆ ಜಾಸ್ತಿ ಇಷ್ಟವಾಗುವುದು ಈ ಭಾಗವೇ, ಕಪ್ಪುಗಳಲ್ಲ.

2022ರಲ್ಲಿ ಜರ್ಮನಿಯ ಲೆವರ್ಕುಸೆನ್ ಕ್ಲಬ್ಬಿನ ಕೋಚ್ ಹುದ್ದೆ ಸಿಕ್ಕಾಗ ತಂಡ ಅಲ್ಲಿನ ಅಗ್ರ ಲೀಗ್ ಬುಂಡೆಸ್‌ಲಿಗಾದ ತಳದಲ್ಲಿ ತೆವಳುತ್ತಿತ್ತು. 2023-24ರಲ್ಲಿ ಅದೇ ತಂಡ 34 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗ್ ಗೆದ್ದಿತು, ಅದೂ ಮೊಟ್ಟಮೊದಲ ಸಲ. ಯೂರೋಪಿನ ಎರಡನೇ ಹಂತದ ಟೂರ್ನಿ ಯೂರೋಪಾ ಲೀಗ್ ಫೈನಲ್‌ನಲ್ಲಿ ಇಟಲಿಯ ಅಟಲಾಂಟಾ ಇವರಿಗೆ 3-0 ಬಾರಿಸಿದ್ದು ಬೇರೆ ಮಾತು ಬಿಡಿ.